ಉಸಿರಾಡುವ ಜಾಕೆಟ್ಟಿಗೆ ಉಬ್ಬಸ

ಬಸವೇಶ್ವರನಗರದಲ್ಲಿ ನಮ್ಮಕ್ಕನ ಮನೆಯ ಮುಂಬಾಗಿಲಿಗೆ ಎದುರಾಗಿ ಗೋಡೆಯಲ್ಲಿ ಒಂದು ಮೊಳೆ ಇದೆ. ಮೊದಲು ಅಲ್ಲಿ ಭಾವನವರ ಕೊಡೆ ತೂಗುತ್ತಿತ್ತು. ಈಗ ಸೋದರಳಿಯನ ಮಳೆ ಜಾಕೆಟ್. ಗಿಳಿಹಸಿರು ಬಣ್ಣ, 300 ಗ್ರಾಂ ತೂಕ, ಮಡಚಿದರೆ ತನ್ನ ಜೇಬಿನೊಳಗೆ ತಾನೇ ಅಡಗಿಕೊಳ್ಳುವಷ್ಟು ನಾಚಿಕೆ. ಬೆಲೆ ಗೊತ್ತಾದ ದಿನ ಅಕ್ಕ ರಾತ್ರಿ ಊಟ ಮಾಡಲಿಲ್ಲ.

ಶುಕ್ರವಾರ ರಾತ್ರಿಯಾದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರು ಚಾರಣಕ್ಕೆಂದು ಟೆಂಪೊ ಟ್ರಾವೆಲರ್, ಅಂದರೆ ಟಿಟಿ, ಹತ್ತುವುದು, ಸೋಮವಾರ ಕುಂಟುತ್ತ ಆಫೀಸಿಗೆ ಹೋಗುವುದು, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಕುಮಾರ ಪರ್ವತದಲ್ಲಿ ಚಾರಣಿಗರು ಜಾತ್ರೆಯಂತೆ ನೆರೆದ ಫೋಟೊವನ್ನೂ ನೋಡಿರಬಹುದು. ಈಗ ಮತ್ತೆ ಜೂನ್ ಬಂದಿದೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೆಣ್ಣು ನೋಡುವ ಮಾತು ನಿಂತು ಜಾಕೆಟ್ ನೋಡುವ ಮಾತು ನಡೆದಿದೆ. ತಲೆ ಕೆಟ್ಟು, ಅಕ್ಕ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಕುರ್ಚಿ ಎಳೆದುಕೊಂಡು ಮೊಳೆಯ ಮುಂದೆ ಕೂತೆ.

ನಾನು: ನಮಸ್ಕಾರ. ಇದುವರೆಗೆ ಎಷ್ಟು ಬೆಟ್ಟ ಹತ್ತಿದ್ದೀರಿ?

ಜಾಕೆಟ್: ನಮ್ಮ ಹುಡುಗ ನಿಮ್ಮನ್ನ ಮಾವ ಅಂತಾನೆ, ನಾನೂ ಹಾಗೇ ಅಂತೀನಿ. ಬೆಟ್ಟ ಆಮೇಲೆ ಮಾವ. ಮೊದಲು ಆ ನೀಲಿ ಬಾಟಲಿ ವಿಷಯ ಮಾತಾಡೋಣ.

ನಾನು: ಯಾವ ಬಾಟಲಿ?

ಜಾಕೆಟ್: ಬಟ್ಟೆ ಮೆತ್ತಗಾಗಲಿ, ಘಮ್ ಅನ್ನಲಿ ಅಂತ ಮಷೀನಿಗೆ ಸುರೀತಾರಲ್ಲ, ಅದು. ನಿಮ್ಮಕ್ಕ ನನ್ನನ್ನ ಕಾಲೊರೆಸಿನ ಜೊತೆ ಹಾಕಿ, ಸೋಪಿನ ಪುಡಿ ಹೊಯ್ದು, ಮೇಲೆ ಅದನ್ನೂ ಬಿಟ್ಟರು. ನನ್ನ ಮೈ ಮೇಲೊಂದು ಲೇಪ ಇರುತ್ತೆ, ಕೆಸುವಿನೆಲೆ ಮೇಲೆ ಉರುಳೋ ಹಾಗೆ ನೀರನ್ನ ಉರುಳಿಸೋಕೆ. ಅದರ ಮೇಲೆ ಸೋಪಿನ ಪುಡಿ, ಆ ದ್ರವದ ಜಿಡ್ಡು ಕೂತರೆ ಮುಗೀತು. ನೀರು ಉರುಳಲ್ಲ, ಮೇಲ್ಬಟ್ಟೆ ಕುಡಿದುಬಿಡುತ್ತೆ.

ನಾನು: ಅಂದರೆ ಸೋರುತ್ತೀರಿ.

ಜಾಕೆಟ್: ಸೋರಲ್ಲ! ಒಳಪದರ ಗಟ್ಟಿಯಾಗೇ ಇರುತ್ತೆ. ಮೇಲ್ಬಟ್ಟೆ ನೆನೆದು ಮುಚ್ಚಿಕೊಂಡಾಗ ಹುಡುಗನ ಬೆವರಿನ ಹಬೆಗೆ ಹೊರಗೆ ಹೋಗೋ ದಾರಿ ಇಲ್ಲ, ಒಳಗೇ ನೀರಾಗುತ್ತೆ. ತನ್ನ ಬೆವರಲ್ಲಿ ತಾನೇ ತೊಯ್ದು, ಜಾಕೆಟ್ ಸೋರ್ತಿದೆ ಅಂತ ಒಂದು ಸ್ಟಾರ್ ಕೊಡ್ತಾನೆ.

ನಾನು: ನಮ್ಮ ಕಂಬಳಿ ಕೊಪ್ಪೆಗೆ ಈ ಗೋಳಿರಲಿಲ್ಲ. ಉಣ್ಣೆಯ ಜಿಡ್ಡೇ ನೀರು ತಡೆಯುತ್ತಿತ್ತು. ಚಳ್ಳಕೆರೆ ಕಡೆ ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ತಿನ್ನಿಸುತ್ತಾರೆ, ಅದರ ಬಿಗಿಯೇ ಬಿಗಿ...

ಜಾಕೆಟ್: ಪ್ರಶ್ನೆ ಏನು?

ನಾನು: ಪ್ರಶ್ನೆಯಲ್ಲ, ಹೇಳಿದೆ ಅಷ್ಟೆ. ನಿಮ್ಮ ಚೀಟಿಯಲ್ಲಿ 10,000 ಮಿಲಿಮೀಟರ್ ಎಂದಿದೆ. ಆಗುಂಬೆಯಲ್ಲೇ ವರ್ಷಕ್ಕೆ 7,000 ಚಿಲ್ಲರೆ ಮಿಲಿಮೀಟರ್ ಮಳೆ. ಹಾಗಾದರೆ ಆಗುಂಬೆಯ ಒಂದು ವರ್ಷವನ್ನು...

ಜಾಕೆಟ್: ಅಯ್ಯೋ, ಅದು ಮಳೆ ಲೆಕ್ಕ ಅಲ್ಲ. ಬಟ್ಟೆ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬಿದರೆ, 10 ಮೀಟರ್ ಎತ್ತರದ ನೀರಿನ ಭಾರ ತಡ್ಕೋತೀನಿ ಅಂತ. ಅದೂ ಬಟ್ಟೆಯ ಮಾತು. ಹೊಲಿಗೆ ತುಂಬ ಸೂಜಿ ತೂತು, ಒಳಗಿಂದ ಟೇಪು ಅಂಟಿಸದಿದ್ದರೆ ಆ ಸಂಖ್ಯೆಗೆ ಮೂರು ಕಾಸಿನ ಬೆಲೆ ಇಲ್ಲ. ಕೊಳ್ಳೋವಾಗ ಯಾರಾದ್ರೂ ಒಳಗು ಹೊರಗು ಮಾಡಿ ನೋಡ್ತಾರಾ? ಕಂಕುಳಲ್ಲಿ ಜಿಪ್ ಇದೆಯಾ, ಟೋಪಿ ಕಣ್ಣಿಗೆ ಬೀಳುತ್ತಾ, ಚೀಲದ ಪಟ್ಟಿ ಉಜ್ಜೋ ಹೆಗಲ ಹತ್ತಿರ ಬಟ್ಟೆ ಗಟ್ಟಿ ಇದೆಯಾ, ಯಾವುದೂ ಬೇಡ. ಫೋಟೊದಲ್ಲಿ ಎದ್ದು ಕಾಣಬೇಕು. ಕಂಡಾದ ಮೇಲೆ ಕಾಲೊರೆಸಿನ ಜೊತೆ ಮಷೀನಿಗೆ.

ನಾನು: ಮತ್ತೆ ಆ ‘ಉಸಿರಾಡುವ ಬಟ್ಟೆ’ ಎಂಬ ಜಂಬ?

ಜಾಕೆಟ್: ಅದು ನಮ್ಮ ಶ್ರೀಮಂತ ದಾಯಾದಿಗಳ ಕಥೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಗಳನ್ನ ಮೆಲ್ಲಗೆ ಎಳೀತಿದ್ದರು, ಮುರೀತಿದ್ದವು. ರೇಗಿ ಒಮ್ಮೆಲೇ ಜಗ್ಗಿದರು, ಹಿಗ್ಗಿಬಿಡ್ತು. ನೀರ ಹನಿ ನುಗ್ಗಲಾರದ, ಹಬೆ ಮಾತ್ರ ನುಸುಳೋ ಸಣ್ಣ ಸಣ್ಣ ತೂತುಗಳು. ನಾನು ಬಡವರ ಮನೆಯವನು, ಪಾಲಿಯುರೆಥೇನ್ ಲೇಪ. ಆದರೆ ಇಬ್ಬರಿಗೂ ಷರತ್ತು ಒಂದೇ, ಒಳಗಿನದಕ್ಕಿಂತ ಹೊರಗಿನ ಗಾಳಿ ಒಣಗಿರಬೇಕು. ಜುಲೈ ತಿಂಗಳ ಕೊಡಚಾದ್ರಿಯಲ್ಲಿ ಗಾಳಿಯೇ ನೀರಾಗಿರುವಾಗ ನಾನು ಎಲ್ಲಿಗೆ ಉಸಿರು ಬಿಡಲಿ? ಉಬ್ಬಸ ಬರುತ್ತೆ.

ನಾನು: ನಾನು ಹೇಳಲು ಹೊರಟದ್ದೂ ಅದೇ! ಮಲೆನಾಡಿನ ಹೆಂಗಸರು ನಾಟಿಗೆ ಗೊರಬು ಹಾಕುತ್ತಿದ್ದರು. ಬಿದಿರುಕಡ್ಡಿ, ಎಲೆ, ಅಷ್ಟೆ. ತಲೆಯಿಂದ ಸೊಂಟದವರೆಗೆ ದೋಣಿ ಮಗುಚಿದ ಹಾಗೆ. ಬಗ್ಗಿದರೆ ಮಳೆಯೆಲ್ಲ ಬೆನ್ನ ಮೇಲೆ, ಎದೆಯ ಕಡೆ ಪೂರಾ ಗಾಳಿ. ಜಿಪ್ ಬೇಡ, ಟೇಪು ಬೇಡ, ಯಾರೂ ರೇಗಿ ಜಗ್ಗುವುದೂ ಬೇಡ!

ಜಾಕೆಟ್: ಗೊರಬು ಹಾಕ್ಕೊಂಡು ಟಿಟಿ ಹತ್ತಿ ನೋಡೋಣ. ಅದಿರಲಿ, ನಿಮ್ಮ ಮನೇಲಿ ಕಂಬಳಿ ಇದೆಯಾ?

ನಾನು: ಇದೆ. ಟ್ರಂಕಿನಲ್ಲಿ.

ಜಾಕೆಟ್: ನುಸಿಗುಳಿಗೆ ಜೊತೆ. ಎಷ್ಟು ಮಳೆ ಕಂಡಿದೆ?

ನಾನು: ಮುಂದಿನ ಪ್ರಶ್ನೆ. ನಿಮ್ಮ ಮನೆತನದ ಹಲವು ಲೇಪಗಳಲ್ಲಿ ಫ್ಲೋರಿನ್ ರಾಸಾಯನಿಕ ಇರುತ್ತದೆ, ಮಣ್ಣು ನೀರು ಸೇರಿದರೆ ಎಷ್ಟು ಕಾಲವಾದರೂ ಕೊಳೆಯುವುದಿಲ್ಲ ಎನ್ನುತ್ತಾರಲ್ಲ?

ಜಾಕೆಟ್: ಒಗೆಯೋದು ಹೇಗೆ ಅಂತ ಕೇಳಿದಿರಾ? ಹೇಳ್ತೀನಿ. ಜಿಪ್ಪೆಲ್ಲ ಹಾಕಿ, ಉಗುರುಬೆಚ್ಚನೆ ನೀರು, ಜಾಕೆಟ್ಟಿಗೇ ಅಂತ ಸಿಗೋ ದ್ರವ ಸೋಪು ಒಂದಿಷ್ಟು. ಹಿಂಡಬಾರದು. ಎರಡು ಸಲ ಜಾಲಿಸಿ ನೆರಳಲ್ಲಿ ಒಣಗಿಸಿ, ಚೀಟಿಯಲ್ಲಿ ಇಸ್ತ್ರಿ ಬೇಡ ಅಂತ ಇಲ್ಲದಿದ್ದರೆ ಮೇಲೊಂದು ಪಂಚೆ ಹಾಸಿ ಸಣ್ಣ ಬಿಸಿಯಲ್ಲಿ ತೀಡಿ. ಬಿಸಿ ತಾಗಿದರೆ ಮಲಗಿದ್ದ ಲೇಪ ಏಳುತ್ತೆ. ಹನಿ ನೀರು ಚಿಮುಕಿಸಿ ನೋಡಿ, ಉರುಳಿದರೆ ನಾನು ಬದುಕಿದ್ದೀನಿ ಅಂತ. ಒದ್ದೆ ಇರುವಾಗಲೇ ಮುದ್ದೆ ಮಾಡಿ ಅಟ್ಟಕ್ಕೆ ಎಸೆದರೆ ಒಳಲೇಪ ಅಂಟಂಟಾಗಿ, ಹುಳಿ ವಾಸನೆ ಹಿಡಿದು, ಹಪ್ಪಳದ ಹಾಗೆ ಕಿತ್ತು ಬರುತ್ತೆ.

ನಾನು: ಫ್ಲೋರಿನ್ ಎಂದೆ.

ಜಾಕೆಟ್: ಕಾಲೊರೆಸು ಎಂದೆ.

ನಾನು: ಹೋಗಲಿ. ಕುಮಾರ ಪರ್ವತದ ಅನುಭವವಾದರೂ ಹೇಳಿ.

ಜಾಕೆಟ್: 1,712 ಮೀಟರಿನ ಬೆಟ್ಟ, ಮಳೆಗಾಲದಲ್ಲಿ ಚಾರಣಕ್ಕೆ ಬಾಗಿಲು ಹಾಕಿರುತ್ತೆ. ಮಳೆಗೆ ಅಂತ ಕೊಂಡ ನನ್ನನ್ನ ನಮ್ಮ ಹುಡುಗ ಅಲ್ಲಿಗೆ ಹೊತ್ತದ್ದು 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ. ಮೋಡ ಕೂಡ ಇಲ್ಲ. ಮುಂದಿನವರ ಚೀಲಕ್ಕೆ ಹಿಂದಿನವರ ಮೂಗು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆಲ್ಲ ಸರ್ಕಾರ ತಡೆ ಹಾಕಿದ್ದು ಅದಾದ ಮೇಲೇ. ನಾನು ಹೊರಗೆ ಬಂದದ್ದು ಒಂದೇ ಸಲ, ಫೋಟೊಗೆ. ಬಿಸಿಲಲ್ಲಿ.

ನಾನು: ವರ್ಷದಲ್ಲಿ ನಿಜವಾದ ಮಳೆ ಎಷ್ಟು ದಿನ?

ಜಾಕೆಟ್: ಎರಡು. ಮಿಕ್ಕದ್ದು ಈ ಮೊಳೆ. (ಸ್ವಲ್ಪ ಹೊತ್ತು ಸುಮ್ಮನಿತ್ತು.) ಮೊಳೆ ಮೇಲಿಂದ ಏನು ಕಾಣುತ್ತೆ ಗೊತ್ತಾ ಮಾವ? ಹೋದ ಆಗಸ್ಟಿನಲ್ಲಿ ಒಂದು ಸಂಜೆ, ಮಾಗಡಿ ರಸ್ತೆ ಹೊಳೆಯಾಗಿತ್ತು. ನೀವೆಲ್ಲ ಬಾಲ್ಕನಿಯಲ್ಲಿ ಕೂತು, ಈ ಮಳೆಗೆ ಬಿಸಿ ಬೋಂಡ ಇರಬೇಕು ಅಂತ ಮೊಬೈಲಿನ ಆ್ಯಪಲ್ಲಿ ತರಿಸಿದಿರಿ. ತಂದುಕೊಟ್ಟ ಹುಡುಗ ನೆನಪಿದ್ದಾನಾ?

ನಾನು: ಇಲ್ಲ.

ಜಾಕೆಟ್: ಅವನ ಚೀಲಕ್ಕೆ ಮಳೆಹೊದಿಕೆ ಇತ್ತು, ಸುತ್ತ ಇಲಾಸ್ಟಿಕ್ಕು. ಮೊಬೈಲಿಗೂ ಕವರಿತ್ತು. ಅವನ ಮೈಮೇಲಿದ್ದದ್ದು ತೋಳು ಹರಿದ ಪ್ಲಾಸ್ಟಿಕ್ಕು. ಒದ್ದೆ ಮೈ ತಾಗಬಾರದು ಅಂತ ಪೊಟ್ಟಣವನ್ನ ಕೈಚಾಚಿ ದೂರ ಹಿಡಿದಿದ್ದ. ನೆಲ ಒರೆಸಿದೆ, ಒಳಗೆ ಬರಬೇಡಪ್ಪಾ ಅಂದರು ನಿಮ್ಮಕ್ಕ. ಬಾಗಿಲು ತೆರೆದಾಗ ನಾನೂ ಅವನೂ ಎದುರುಬದುರು. ಅವನ ಗಲ್ಲದಿಂದ ನೀರು ಇಳೀತಿತ್ತು. ನಾನು ಒಣಗಿದ್ದೆ. ತಡವಾಯ್ತು ಅಂತ ಸ್ಟಾರ್ ಕಡಿಮೆ ಒತ್ತಿದವರು ಯಾರು?

ನಾನು.

ಬೋಂಡಕ್ಕೆ ಹೊದಿಕೆ ಹೊಲಿಸಿದವರಿಗೆ ಅದನ್ನು ಹೊರುವವನ ಬೆನ್ನಿನ ಅಳತೆ ಗೊತ್ತಿರಲಿಲ್ಲ ಎಂದು ನಂಬುವುದು ಹೇಗೆ? ಆ ಬೆನ್ನಿಗೆ ಅಂಟಿಕೊಂಡೇ ತಾನೇ ಚೀಲ ಇರುವುದು? ಬೇಸಿಗೆಯಲ್ಲಿ ಜಾಹೀರಾತು ಬರೆದ ಟೀ ಶರ್ಟು ತೊಡಿಸಲು ಸಿಕ್ಕ ಅಳತೆ ಮಳೆಗಾಲದಲ್ಲಿ ಎಲ್ಲಿ ಕಳೆದುಹೋಗುತ್ತದೆ? ಬೆವರಿನ ಹಬೆ, ನೀರಿನ ಕಂಬ ಎಂದು ಅರ್ಧ ಗಂಟೆಯಿಂದ ವಿಚಾರಿಸುತ್ತಿದ್ದೇನೆ. ದಿನಕ್ಕೆ ಹತ್ತು ಗಂಟೆ ಮಳೆಯಲ್ಲಿ ಇರುವವನಿಗೆ ಏನು ಬೇಕು ಎಂದು ನಾನೂ ಕೇಳಿರಲಿಲ್ಲ, ನನ್ನ ಟ್ರಂಕಿನ ಕಂಬಳಿಯೂ ಕೇಳಿರಲಿಲ್ಲ. ಹೆಚ್ಚೇನಲ್ಲ, ಹೊಲಿಗೆಗೆ ಟೇಪು ಹಾಕಿದ ಒಂದು ಕೋಟು, ಒಂದು ಪ್ಯಾಂಟು.

ಹೊರಗೆ ಗುಡುಗಿತು. ಅಕ್ಕನ ಫೋನು: ಹಾವನೂರು ಸರ್ಕಲ್ಲಿನ ದೇವಸ್ಥಾನದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಕೊಡೆ ತಗೊಂಡು ಬಾ. ಕೊಡೆಯ ಕಡ್ಡಿ ಮುರಿದಿತ್ತು. ಮೊಳೆಯ ಕಡೆ ನೋಡಿದೆ.

ಜಾಕೆಟ್: ನಾನಾ? ಬೆಟ್ಟಕ್ಕಲ್ಲ, ಹಾವನೂರು ಸರ್ಕಲ್ಲಿಗಾ?

ತೋಳು ಗಿಡ್ಡವಾಯಿತು, ಹೊಟ್ಟೆಯ ಹತ್ತಿರ ಜಿಪ್ ಹಟ ಮಾಡಿತು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಾಲ್ಕು ಹುಡುಗರು ಚೀಲಗಳನ್ನು ಮಾಡಿನಡಿಗೆ ಸರಿಸಿ ತಾವು ಅರ್ಧ ಹೊರಗೆ ನಿಂತಿದ್ದರು. ಜಾಕೆಟ್ ಏನೂ ಹೇಳಲಿಲ್ಲ.

ಅಕ್ಕನನ್ನು ಆಟೊದಲ್ಲಿ ಕರೆತಂದೆ. ಬಾಗಿಲಲ್ಲೇ ನನ್ನ ಮೈಮೇಲಿಂದ ಜಾಕೆಟ್ ಬಿಚ್ಚಿಸಿಕೊಂಡು, “ಎಲ್ಲ ಕೊಚ್ಚೆ!” ಎನ್ನುತ್ತ ಅಕ್ಕ ಮಷೀನಿನ ಕಡೆ ಹೋದಳು. ಇನ್ನೊಂದು ಕೈಯಲ್ಲಿ ಕಾಲೊರೆಸಿತ್ತು.