ಪ್ರಶ್ನೆಯೇ ಇಲ್ಲ

ಇಂಗ್ಲಿಷಿನ ‘ಕ್ವೆಶ್ಚನ್’ ತನಗೆ ಬೇಕಾದ ಕ್ರಿಯಾಪದವನ್ನು ತಾನೇ ಆರಿಸಿಕೊಳ್ಳುತ್ತದೆ. ಮಾಮೂಲಿ ಮಾತಿಗೆ ‘ಆಸ್ಕ್’, ಸಭೆಗೆ ‘ರೇಜ್’, ಗಂಭೀರ ಬರಹಕ್ಕೆ ‘ಪೋಸ್’. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಆಳು ಇಷ್ಟನ್ನೂ ಹೊತ್ತು, ಹಾಡು ಕೇಳುವುದನ್ನೂ ಸಾಲ ಕೇಳುವುದನ್ನೂ ನಿಭಾಯಿಸುತ್ತದೆ. ಹೀಗಾಗಿ ಬಸವನಬಾಗೇವಾಡಿ ಕಡೆಯ ಹುಡುಗ ‘ಐ ಹರ್ಡ್ ಎ ಕ್ವೆಶ್ಚನ್ ಟು ಸರ್’ ಎಂದು ಬರೆದರೆ, ಕನ್ನಡದ ಮಟ್ಟಿಗೆ ಅದು ನಿರ್ದೋಷ. ‘ಐ ಹ್ಯಾವ್ ಎ ಡೌಟ್’ ಭಾರತದ ತರಗತಿಗಳಲ್ಲೆಲ್ಲ ನಡೆಯುತ್ತದೆ. ಇಂಗ್ಲೆಂಡಿನ ಮೇಷ್ಟ್ರಿಗೆ ಮಾತ್ರ ಹುಡುಗ ಪಾಠವನ್ನೇ ನಂಬುತ್ತಿಲ್ಲ ಎನ್ನಿಸೀತು.

ಮುಂದಿನದು ಪದಗಳ ಸಾಲು. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ‘ಸಿಂದಗಿ ಬಸ್ ಎಲ್ಲಿ ನಿಂದರತೈತ್ರಿ?’ ಎಂದರೂ, ‘ಎಲ್ಲಿ ನಿಂದರತೈತಿ ಅಂತ ಹೇಳ್ರಿ’ ಎಂದರೂ ಪದಗಳು ಕದಲುವುದಿಲ್ಲ. ಇಂಗ್ಲಿಷಿನ ನೇರ ಪ್ರಶ್ನೆಯಲ್ಲಿ ‘ಡಸ್’ ಬಂದು ಕೂರಬೇಕು, ‘ಟೆಲ್ ಮಿ’ ಅಂದ ಕೂಡಲೇ ಎದ್ದು ಹೋಗಬೇಕು. ಏಳದಿದ್ದರೆ ಬೆಂಗಳೂರಿನ ನೆಂಟರು ನಗುತ್ತಾರೆ. ಅವರಿಗೆ ‘ನಿಂದರತೈತಿ’ ಬರೆಯಲು ಹೇಳಬೇಕು.

ನಿಜವಾದ ಗಂಡಾಂತರ ‘ನೋ ಕ್ವೆಶ್ಚನ್’ನದು. ಅದರ ಮುಂದೆ ‘ಆಫ್’ ಬಂದರೆ ಆಗದ ಮಾತು, ‘ದಟ್’ ಬಂದರೆ ಆಗಿಯೇ ತೀರುವ ಮಾತು. ಕನ್ನಡದಲ್ಲೂ ‘ಬರುವ ಪ್ರಶ್ನೆಯೇ ಇಲ್ಲ’ಕ್ಕೂ ‘ಬರುವುದರಲ್ಲಿ ಪ್ರಶ್ನೆಯೇ ಇಲ್ಲ’ಕ್ಕೂ ಅಷ್ಟೇ ಅಂತರ. ಸಿಂದಗಿಯ ಮದುವೆಮನೆಗೆ ಮುದ್ದೇಬಿಹಾಳದ ಹಳೇ ಬೀಗರು ‘ದೇರ್ ಈಸ್ ನೋ ಕ್ವೆಶ್ಚನ್ ಆಫ್ ಅವರ್ ಕಮಿಂಗ್’ ಎಂದು ವಾಟ್ಸ್‌ಆ್ಯಪ್ ಮಾಡಿದರೆಂದು ಇಟ್ಟುಕೊಳ್ಳಿ. ಅವರ ಮನಸ್ಸಿನಲ್ಲಿದ್ದುದು, ಬಂದೇ ಬರುತ್ತೇವೆ. ಬಿ.ಎ. ಓದಿದ ಮಗ ‘ಬರಂಗಿಲ್ಲಂತ ಅಪ್ಪಾ’ ಎಂದು ತೀರ್ಪು ಕೊಡುತ್ತಾನೆ. ಮುನಿಸಿನ ಕಾರಣ ಹುಡುಕಲು ಹಿರಿಯರು ಕೂರುತ್ತಾರೆ. ಉಡಿ ತುಂಬಿದ ಸೀರೆಯ ಬಣ್ಣ, ಹೋದ ಸಲ ಆರಿದ ಚಹಾ, ಪತ್ರಿಕೆಯಲ್ಲಿ ಕೆಳಗಿಳಿದ ಹೆಸರು, ಎಲ್ಲವೂ ವಿಚಾರಣೆಗೆ ಬರುತ್ತವೆ. ಅಜ್ಜಿ ಹನ್ನೆರಡು ವರ್ಷದ ಹಿಂದಿನ ಒಂದು ಬೆಳ್ಳಿ ಲೋಟ ತೆಗೆಯುತ್ತಾಳೆ. ಹುಗ್ಗಿಯ ಎರಡನೇ ಕೊಪ್ಪರಿಗೆ ಒಲೆ ಏರುವುದೇ ಇಲ್ಲ. ಅಕ್ಕಿಕಾಳಿನ ಹೊತ್ತಿಗೆ ಹಂದರದ ಮುಂದೆ ಮೂರು ಕ್ರೂಸರ್ ನಿಲ್ಲುತ್ತವೆ. ಇಳಿದವರೆಲ್ಲ ಹಸಿದವರು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೂ ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ಪ್ರಶ್ನೆ ಬರೆಯುವ ಅಭ್ಯಾಸವೆಂದರೆ ಗೆರೆ ಎಳೆದ ಉತ್ತರಕ್ಕೆ ತಕ್ಕ ಪ್ರಶ್ನೆ ರಚಿಸುವುದು. ಉತ್ತರ ಮೊದಲೇ ಗೊತ್ತು. ಗೊತ್ತಿಲ್ಲದ್ದನ್ನು ಕೇಳುವ ಇಂಗ್ಲಿಷ್ ಕಲಿಯದ ಮಕ್ಕಳು ಕಾಲೇಜಿನಲ್ಲಿ ಕೈಯೆತ್ತದೆ ಕೂರುತ್ತಾರೆ. ಅದನ್ನು ದಡ್ಡತನವೆಂದು ತಿಳಿಯುವ ಉಪನ್ಯಾಸಕರೂ ಇದ್ದಾರೆ.

ಬರವಣಿಗೆಗೆ ‘ಆಸ್ಕ್’, ವಿಷಯಕ್ಕೆ ‘ಅಬೌಟ್’, ಹೌದೋ ಅಲ್ಲವೋ ಎಂಬಲ್ಲಿ ‘ವೆದರ್’, ಇಷ್ಟು ಸಾಕು. ‘ಪೋಸ್’ ಫೋಟೋಕ್ಕೆ ಇರಲಿ.