ಶಿಫಾರಸಿಲ್ಲದ ಪ್ರಮೇಯ

ನವೆಂಬರ್ ಹತ್ತಿರವಾದರೆ ನಮ್ಮ ಸಾಧಕರಿಗೆ ನಿದ್ದೆ ಹತ್ತುವುದಿಲ್ಲ. ಬಯೋಡೇಟಾ, ಶಿಫಾರಸು ಪತ್ರ, ಪೇಪರ್ ಕಟಿಂಗುಗಳ ಜೆರಾಕ್ಸ್ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತಿಳಿದು ಮಂಡಿ ಸವೆಯುತ್ತದೆ. ರಾಜ್ಯೋತ್ಸವ ಪ್ರಶಸ್ತಿ ಸಿಗದಿದ್ದರೂ ಮೂಳೆ ಡಾಕ್ಟರ ಪರಿಚಯವಂತೂ ಆಗುತ್ತದೆ. ವಿಶ್ವವಿದ್ಯಾಲಯದವರದು ಇನ್ನೂ ನಾಜೂಕು: ನನ್ನ ಲೇಖನವನ್ನು ನೀನು ಉಲ್ಲೇಖಿಸು, ನಿನ್ನದನ್ನು ನಾನು. ಮದುವೆಮನೆಯ ಮುಯ್ಯಿಯಂತೆ ಎಲ್ಲ ಲೆಕ್ಕವೂ ಚುಕ್ತಾ.

ಮಂಡ್ಯದ ಗಣಿತಜ್ಞ ಕೆ. ರಾಮಚಂದ್ರ (1933–2011) ಅವರಿಗೆ ಈ ಲೆಕ್ಕ ಬರಲಿಲ್ಲ. ಹದಿಮೂರಕ್ಕೆ ತಂದೆ ಹೋದರು, ತಾಯಿ ಜಮೀನಿನ ಮೇಲೆ ಸಾಲ ತಂದು ಓದಿಸಿದರು. ಮಿನರ್ವ ಮಿಲ್ಲಿನಲ್ಲಿ ಗುಮಾಸ್ತಿಕೆ ಮಾಡುತ್ತ ಬಿಡುವಿನಲ್ಲಿ ಹಾರ್ಡಿ, ರಾಮಾನುಜನ್ನರ ಗಣಿತ ಓದಿಕೊಂಡ ಈ ಮನುಷ್ಯ ಕೊನೆಗೆ ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಸೇರಿದರು.

1968ರಲ್ಲಿ ಅವರು ಪ್ರಕಟಿಸಿದ ಪ್ರಮೇಯದ ಒಂದು ತುಣುಕು ಹೀಗಿದೆ: 2, 3, 5 ಮೂರನ್ನೂ ಒಂದೇ ಘಾತಕ್ಕೆ ಏರಿಸಿದಾಗ ಮೂರೂ ಪೂರ್ಣಾಂಕಗಳೇ ಬಂದರೆ, ಆ ಘಾತವೂ ಪೂರ್ಣಾಂಕವೇ. ಇಷ್ಟನ್ನು ಜರ್ಮನಿಯ ಸೀಗಲ್ ಮೊದಲೇ ಕಂಡುಕೊಂಡು, ಅಚ್ಚು ಹಾಕಿಸದೆ ಸುಮ್ಮನಿದ್ದರು. ರಾಮಾನುಜನ್ನರ ಸಂಖ್ಯೆಗಳ ಬೆನ್ನು ಹತ್ತಿದ್ದ ಗಣಿತಜ್ಞರಾದ ಅಲಾಗ್ಲು ಮತ್ತು ಏರ್ಡಿಶ್ 1944ರ ತಮ್ಮ ಲೇಖನದಲ್ಲಿ ಅದನ್ನು ಸೀಗಲ್ ಹೆಸರಿಗೇ ಜಮಾ ಮಾಡಿದರು. ಅಮೆರಿಕದ ಸರ್ಜ್ ಲ್ಯಾಂಗ್ ತಮ್ಮ ದಾರಿಯಲ್ಲಿ ನಡೆದು ಪೂರ್ಣ ಪ್ರಮೇಯ ಮುಟ್ಟಿದರು, ರಾಮಚಂದ್ರ ತಮ್ಮ ದಾರಿಯಲ್ಲಿ. ಇಂದಿಗೂ ಅದರ ಜೊತೆ ಇಬ್ಬರ ಹೆಸರೂ ಬರುತ್ತದೆ. ನಮ್ಮ ಸಾಹಿತ್ಯಲೋಕದಲ್ಲಾಗಿದ್ದರೆ ಎರಡು ಅಭಿಮಾನಿ ಬಳಗ, ಒಂದು ತಡೆಯಾಜ್ಞೆ, ಫ್ರೀಡಂ ಪಾರ್ಕಿನಲ್ಲೊಂದು ಧರಣಿ ಖಚಿತವಿತ್ತು. ಸೀಗಲ್ ಅಂಥವರನ್ನಂತೂ ನಾವು ‘ಪ್ರಚಾರ ಬಯಸದ ಹಿರಿಯರು’ ಎಂದು ಫ್ಲೆಕ್ಸ್ ಹಾಕಿಸಿ ಮೆರವಣಿಗೆ ಮಾಡುತ್ತಿದ್ದೆವು.

1978ರಲ್ಲಿ ರಾಮಚಂದ್ರ, ಗಣಿತಜ್ಞ ಆರ್. ಬಾಲಸುಬ್ರಮಣಿಯನ್ ಜೊತೆಗೂಡಿ ಗಣಿತ ಪತ್ರಿಕೆಯೊಂದನ್ನು ಶುರುಮಾಡಿದರು. ವರ್ಷಕ್ಕೊಂದೇ ಸಂಚಿಕೆ, ಅದೂ ಡಿಸೆಂಬರ್ 22ಕ್ಕೆ, ರಾಮಾನುಜನ್ ಹುಟ್ಟುಹಬ್ಬದಂದು. ಹೆಸರು ‘ಹಾರ್ಡಿ–ರಾಮಾನುಜನ್ ಜರ್ನಲ್’. ಸ್ವಂತ ಪತ್ರಿಕೆಗೆ ಪರರ ಹೆಸರಿಡುವ ಸಂಪಾದಕರಿಗೆ ಅಭಿನಂದನ ಗ್ರಂಥ ತರುವುದಾದರೂ ಹೇಗೆ?

ರಷ್ಯಾದ ಗಣಿತಜ್ಞ ಪೆರೆಲ್ಮನ್ ಇನ್ನೂ ಕಷ್ಟದ ಗಿರಾಕಿ. ಗಣಿತದ ಹಳೆಯ ಸಮಸ್ಯೆಯೊಂದನ್ನು ಬಿಡಿಸಿದ್ದಕ್ಕೆ 2010ರಲ್ಲಿ ಬಂದ 10 ಲಕ್ಷ ಡಾಲರ್ ಬಹುಮಾನವನ್ನು ಬೇಡವೆಂದರು. ಅದೇ ಸಮಸ್ಯೆಯ ಮೇಲೆ ದುಡಿದಿದ್ದ ಗಣಿತಜ್ಞ ಹ್ಯಾಮಿಲ್ಟನ್ನರ ಕೊಡುಗೆ ತಮ್ಮದಕ್ಕಿಂತ ಕಡಿಮೆಯಲ್ಲ ಎಂದರು. ಪ್ರತಿಸ್ಪರ್ಧಿಯನ್ನು ಹೊಗಳುವ ಇಂಥ ಅಭ್ಯರ್ಥಿಯನ್ನು ನಮ್ಮ ಆಯ್ಕೆ ಸಮಿತಿ ಮೊದಲ ಸುತ್ತಿನಲ್ಲೇ ಕೈಬಿಡುತ್ತಿತ್ತು.

ಅಂದಹಾಗೆ ರಾಮಚಂದ್ರರ ಪ್ರಮೇಯದ ಆ ತುಣುಕಿನಲ್ಲಿ 5ನ್ನು ಬಿಟ್ಟು ಬರೀ 2 ಮತ್ತು 3 ಇಟ್ಟುಕೊಂಡು ಅದೇ ಮಾತನ್ನು ಸಾಧಿಸಲು ಇಂದಿಗೂ ಯಾರಿಂದಲೂ ಆಗಿಲ್ಲ. ಜಾಗ ಖಾಲಿಯಿದೆ. ಆಸಕ್ತ ಸಾಧಕರು ಪ್ರಯತ್ನಿಸಬಹುದು. ಶಾಸಕರ ಪತ್ರ ಲಗತ್ತಿಸುವ ಅಗತ್ಯವಿಲ್ಲ.