ಮೈತ್ರಿ ಇದ್ದರೆ ಮಾತು

ಮಂಡ್ಯ ಸೀಮೆಯ ಯಾವ ಊರಿಗೆ ಹೋದರೂ ಅರಳಿಕಟ್ಟೆಯ ಮೇಲೆ ಒಬ್ಬ ನಿಷ್ಠಣ್ಣ ಸಿಗುತ್ತಾನೆ. ಅಪ್ಪ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಹೆಗಲ ಮೇಲೆ ಹಸಿರು ಟವೆಲ್ಲು, ಜೇಬಿನಲ್ಲಿ ಹಿಂದಿನ ಎಲೆಕ್ಷನ್ನಿನ ಬೂತ್‌ವಾರು ಲೆಕ್ಕದ ಚೀಟಿ. ದೊಡ್ಡಗೌಡರ ಪಕ್ಷ ಜೆಡಿಎಸ್ ಬಿಟ್ಟು ಬೇರೆ ಗುಂಡಿ ಒತ್ತಿದ ಬೆರಳಲ್ಲ ಅವನದು.

ಅವನ ಜೊತೆ ಮರಕೋತಿ ಆಡಿ, ಆಲೆಮನೆಯಲ್ಲಿ ಬಿಸಿ ಬೆಲ್ಲ ಕದ್ದು ತಿಂದು ಬೆಳೆದವರು ಇಬ್ಬರು. ಒಬ್ಬ ಈಗ ಕೈ, ಇನ್ನೊಬ್ಬ ಕಮಲ. ನಿಷ್ಠಣ್ಣ ಸದ್ಯ ಇಬ್ಬರಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದಾನೆಂದು ಊರಲ್ಲಿ ಯಾರೂ ಕೇಳುವುದಿಲ್ಲ. ಪೇಪರ್ ಓದಿದರೆ ತಿಳಿಯುತ್ತದೆ.

2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿಯವರು ಬಿಜೆಪಿ ಜೊತೆ ಸೇರಿ ಮುಖ್ಯಮಂತ್ರಿಯಾದಾಗ ನಿಷ್ಠಣ್ಣ, ಕಮಲದವನ ಹೆಗಲ ಮೇಲೆ ಕೈ ಹಾಕಿಕೊಂಡು ಸಂತೆ ಸುತ್ತಿದ. ತಲಾ 20 ತಿಂಗಳ ಅಧಿಕಾರವೆಂಬ ಒಪ್ಪಂದ 2007ರ ಅಕ್ಟೋಬರ್‌ನಲ್ಲಿ ಮುರಿದುಬಿತ್ತು. ‘ಮಾತಿಗೆ ತಪ್ಪಿದ್ರಿ ಕಣ್ಲಾ’ ಎಂದ ಕಮಲ. ‘ನಿಮ್ ಕಂಡೀಷನ್ ಕೇಳ್ಕಂಡು ಕೂತ್ಕಳಕಾಯ್ತದಾ’ ಎಂದ ನಿಷ್ಠಣ್ಣ. ಆ ಒಪ್ಪಂದದ ಕಾಗದವನ್ನು ಇಬ್ಬರೂ ಕಂಡವರಲ್ಲ. ಆದರೂ ಅಂದಿನಿಂದ ಮಾತಿಲ್ಲ. ಕಮಲದವನ ಮಗಳ ಮದುವೆಯಾದಾಗ ನಿಷ್ಠಣ್ಣ ಬೀಗರೂಟಕ್ಕೆ ಹೋಗಲಿಲ್ಲ. ಮುಯ್ಯಿ ಮಾತ್ರ ಮಗನ ಕೈಲಿ ಕಳಿಸಿದ. ಸಿದ್ಧಾಂತ ಬೇರೆ, ಲೆಕ್ಕ ಬೇರೆ.

2018ರ ಮೇ ತಿಂಗಳಲ್ಲಿ ಕುಮಾರಸ್ವಾಮಿಯವರು ಕಾಂಗ್ರೆಸ್ ಜೊತೆ ಸೇರಿ ಮತ್ತೆ ಮುಖ್ಯಮಂತ್ರಿಯಾದಾಗ ವಿಧಾನಸೌಧದ ಮೆಟ್ಟಿಲ ಬಳಿ ದೇಶದ ನಾಯಕರೆಲ್ಲ ಕೈ ಕೈ ಹಿಡಿದು ಎತ್ತಿದರು. ಅದನ್ನು ಟೀವಿಯಲ್ಲಿ ಕಂಡ ನಿಷ್ಠಣ್ಣ ಎದ್ದು ನೇರವಾಗಿ ಕೈ ಗೆಳೆಯನ ಮನೆಗೆ ನಡೆದ. ಕಾಫಿ ಕುಡಿದ. ಬರುವಾಗ ಅವನ ಔಷಧಿ ಹೊಡೆಯುವ ಮಿಷನ್ನನ್ನೂ ಈಸಿಕೊಂಡು ಬಂದ. ಮರುವರ್ಷ ಲೋಕಸಭೆಗೆ ಮೈತ್ರಿಯ ಅಭ್ಯರ್ಥಿ ಕುಮಾರಸ್ವಾಮಿಯವರ ಮಗ ನಿಖಿಲ್. ಮಂಡ್ಯದ ಎಷ್ಟೋ ಕಾಂಗ್ರೆಸ್ಸಿಗರು ಪಕ್ಷೇತರವಾಗಿ ನಿಂತ ಸುಮಲತಾ ಅವರ ಹಿಂದೆ ಹೋದರು. ಅವರು ಗೆದ್ದರು, ಜುಲೈನಲ್ಲಿ ಸರ್ಕಾರವೂ ಬಿತ್ತು. ಕೈ ಜೊತೆ ಮಾತು ಬಂದ್. ಮಿಷನ್ ನಿಷ್ಠಣ್ಣನ ಕೊಟ್ಟಿಗೆಯಲ್ಲೇ ಉಳಿಯಿತು.

2023ರ ಸೆಪ್ಟೆಂಬರ್. ಕಾವೇರಿ ನೀರಿಗಾಗಿ ಮಂಡ್ಯ ಬೀದಿಗಿಳಿದಿದ್ದ ದಿನಗಳು. ಅತ್ತ ದೆಹಲಿಯಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. ಮಾರನೆಯ ಬೆಳಿಗ್ಗೆ ಊರ ಹೋಟೆಲಿನವನು ಯಾರೂ ಹೇಳದೆಯೇ ಮೂಲೆಯ ಟೇಬಲ್ ಒರೆಸಿಟ್ಟ. ನಿಷ್ಠಣ್ಣ ಬಂದ, ಕಮಲದವನು ಬಂದ. ನಡುವೆ 16 ವರ್ಷ ಮತ್ತು ಒಂದು ಪ್ಲೇಟ್ ತಟ್ಟೆ ಇಡ್ಲಿ.

‘ಏನ್ಲಾ, ಸಣ್ಣಗಾಗ್ಬುಟ್ಟಿದ್ದೀಯ?’

‘ಸಕ್ಕರೆ ಕಾಯಿಲೆ ಬಂದು ಎಂಟೊರ್ಸಾಯ್ತು.’

‘ಒಂದು ಮಾತು ಹೇಳ್ಬಾರ್ದಾ?’

‘ಎಂಗೆ ಹೇಳ್ಲಿ? ಮೈತ್ರಿ ಎಲ್ಲಿತ್ತು?’

ನಿಷ್ಠಣ್ಣನಿಗೆ ಆ ಮಾತು ನ್ಯಾಯವಾಗಿಯೇ ಕಂಡಿತು. ನಾಯಕರು ಜಗಳವನ್ನೂ ರಾಜಿಯನ್ನೂ ಒಂದೇ ಸಂಜೆಯಲ್ಲಿ ಮುಗಿಸುತ್ತಾರೆ, ಮರುದಿನ ಒಂದೇ ವೇದಿಕೆಯಲ್ಲಿ ಹಾರ ಬದಲಾಯಿಸುತ್ತಾರೆ. ಸಿಟ್ಟನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬರುವ ಕಷ್ಟದ ಕೆಲಸ ನಿಷ್ಠಣ್ಣನಂಥವರದು. ಅದಕ್ಕೆ ಭತ್ಯೆಯೂ ಇಲ್ಲ, ನಿಗಮ ಮಂಡಳಿಯೂ ಇಲ್ಲ. 2024ರಲ್ಲಿ ಕುಮಾರಸ್ವಾಮಿಯವರೇ ಮಂಡ್ಯಕ್ಕೆ ನಿಂತಾಗ ಇಬ್ಬರೂ ಒಂದೇ ಬೈಕಿನಲ್ಲಿ ಪ್ರಚಾರ ಮಾಡಿದರು. ಯಾರ ವಿರುದ್ಧ ಗಂಟಲು ಹರಿದುಕೊಂಡಿದ್ದನೋ ಆ ಸುಮಲತಾ ಅಷ್ಟರಲ್ಲಿ ಬಿಜೆಪಿಗೆ ಬಂದಿದ್ದರು. ನಿಷ್ಠಣ್ಣ ಒಂದು ದಿನ ಗಂಟಲು ನೋವೆಂದು ಮನೆಯಲ್ಲಿ ಮಲಗಿ, ಮಾರನೆಯ ದಿನದಿಂದ ‘ಅಕ್ಕಾವ್ರು’ ಅನ್ನತೊಡಗಿದ.

ಗೆದ್ದ ಖುಷಿಗೆ ಹೋಟೆಲಿನಲ್ಲಿ ಇಬ್ಬರೂ ಬೈಟು ಕಾಫಿ ಹೀರುತ್ತಿದ್ದಾಗ ಕೈ ಗೆಳೆಯ ಬಾಗಿಲಲ್ಲಿ ನಿಂತು, ಹೋಟೆಲಿನವನ ಮುಖ ನೋಡಿಕೊಂಡು ಹೇಳಿದ:

‘ನನ್ ಮಿಷನ್ ಕೊಟ್ಬುಡಕ್ಕೆ ಹೇಳಪ್ಪ ಅವ್ನಿಗೆ. ಆರೊರ್ಸಾಯ್ತು.’

ನಿಷ್ಠಣ್ಣನೂ ಹೋಟೆಲಿನವನ ಕಡೆಗೇ ತಿರುಗಿ ಅಂದ:

‘ಯಾಕಂತೆ ಅವಸರ? ಎಂಗೂ ಮುಂದುಕ್ಕೆ ಮೈತ್ರಿ ಆಯ್ತದಲ್ಲ, ಆಗ ಈಸ್ಕಳ್ಳಕ್ಕೆ ಇನ್ನೊಂದ್ಸಲ ಹೋಗೋದ್ಯಾಕೆ ಅನ್ನು!’